ಅಡ್ವಾನ್ಸ್ ದುಡ್ಡು ಯಾರ್ದು?

ಹೋದ ತಿಂಗಳು ಚಿಕ್ಕಮ್ಮನ ಮಗ ಮನೆಗೆ ಬಂದಿದ್ದ. ಕಾಫಿ ಲೋಟ ಕೈಗೆ ಕೊಡೋಕೆ ಮುಂಚೆನೇ ಮೊಬೈಲ್ ತೆಗೆದು ಒಂದು ಎಕ್ಸೆಲ್ ಶೀಟ್ ತೋರಿಸ್ದ. ಕನಕಪುರ ರೋಡ್ ಕಡೆ ಟೂ ಬಿಎಚ್‌ಕೆ ಫ್ಲ್ಯಾಟ್ ಅಂತೆ, 60 ಲಕ್ಷ, ಬಾಡಿಗೆ 20 ಸಾವಿರ ಬರುತ್ತಂತೆ, ಬಾಡಿಗೆಯವರು ಕೊಡೋ ಅಡ್ವಾನ್ಸ್ 1 ಲಕ್ಷ, ಅವರು ಖಾಲಿ ಮಾಡುವಾಗ ವಾಪಸ್ ಕೊಡೋ ದುಡ್ಡು. "ಅಕ್ಕಾ, ನೀವು ಹತ್ತು ವರ್ಷದಿಂದ ಬಾಡಿಗೆ ಮನೆ ನೋಡ್ಕೋತಿದ್ದೀರಲ್ಲ, ಇದೊಂದು ಸರಿ ಇದೆಯಾ ಹೇಳಿ" ಅಂದ. ಹುಡುಗ ಬುದ್ಧಿವಂತ, ಬಣ್ಣ ಬಣ್ಣದ ಕಾಲಂ ಎಲ್ಲಾ ಹಾಕಿದ್ದ. ಆದ್ರೆ ಆ 1 ಲಕ್ಷ ಅಡ್ವಾನ್ಸ್ ಇತ್ತಲ್ಲ, ಅದನ್ನ ತಗೊಂಡು ಹೋಗಿ 'ಆದಾಯ' ಅನ್ನೋ ಕಾಲಂನಲ್ಲಿ ಕೂರಿಸಿದ್ದ. ನನ್ನ ಕಣ್ಣು ಅಲ್ಲೇ ನಿಂತೋಯ್ತು, ಯಾಕಂದ್ರೆ ನಾವೂ ಹತ್ತು ವರ್ಷದ ಹಿಂದೆ ಮಾಡಿದ್ದು ಅದನ್ನೇ, ಎಕ್ಸೆಲ್ ಇರ್ಲಿಲ್ಲ ಅಷ್ಟೆ.

ನಮ್ಮದು ದೊಡ್ಡ ಕಥೆ ಏನಲ್ಲ. ಲಗ್ಗೆರೆಯಲ್ಲಿ ಒಂದೇ ಒಂದು ಸೈಟು, 20-30 ಅಂತಾರಲ್ಲ, 20 ಅಡಿ ಅಗಲ 30 ಅಡಿ ಉದ್ದ. 2014ರಲ್ಲಿ ತಗೊಂಡ್ವಿ, ಆ ವರ್ಷದ ಮಾರ್ಚ್‌ನಲ್ಲೇ ಪೀಣ್ಯದಿಂದ ಸಂಪಿಗೆ ರಸ್ತೆಗೆ ಮೆಟ್ರೋ ಓಡೋಕೆ ಶುರುವಾಗಿತ್ತು, ನಮ್ಮ ಯಜಮಾನರಿಗೆ ಆ ಕಡೆ ರೇಟು ಏರುತ್ತೆ ಅಂತ ಗಟ್ಟಿ ನಂಬಿಕೆ. ಎರಡು ವರ್ಷ ಒದ್ದಾಡಿ ಗ್ರೌಂಡ್ ಪ್ಲಸ್ ಟೂ ಎಬ್ಬಿಸಿದ್ವಿ. ಫ್ಲೋರ್‌ಗೊಂದು ಮನೆ, ಮೇಲೆ ಟೆರೇಸ್‌ನಲ್ಲಿ ಒಂದು ಶೀಟ್ ರೂಮು. ನಾವಿರೋದು ಅಲ್ಲಲ್ಲ, ಮಕ್ಕಳ ಸ್ಕೂಲಿಗೆ ಹತ್ತಿರ ಅಂತ ಬಸವೇಶ್ವರನಗರದಲ್ಲಿ ಬಾಡಿಗೆಗೆ ಇದೀವಿ. ಅಂದ್ರೆ ತಿಂಗಳ 5ನೇ ತಾರೀಖು ನಾನು ಒಂದು ಕಡೆ ಓನರ್ರು, ಇನ್ನೊಂದು ಕಡೆ ಬಾಡಿಗೆಯವಳು. ನಗ್ತೀರೇನೋ, ಆದ್ರೆ ಬೆಂಗಳೂರಲ್ಲಿ ನಮ್ಮಂಥೋರು ತುಂಬಾ ಜನ ಇದಾರೆ.

2016ರಲ್ಲಿ ಮನೆ ಮುಗಿಯೋ ಹೊತ್ತಿಗೆ ಕೈಯಲ್ಲಿ ಕಾಸಿರ್ಲಿಲ್ಲ. ಕಿಟಕಿ ಗ್ರಿಲ್ ಬಾಕಿ, ಬಾತ್‌ರೂಮ್ ಟೈಲ್ಸ್ ಬಾಕಿ, ಮೇಸ್ತ್ರಿಗೆ ಕೊಡೋದು ಬಾಕಿ. ಆಗ ಮೇಸ್ತ್ರಿನೇ ದಾರಿ ಹೇಳಿಕೊಟ್ಟಿದ್ದು. "ಅಮ್ಮಾ, ಟು-ಲೆಟ್ ಬೋರ್ಡ್ ಹಾಕಿಬಿಡಿ, ಬರೋ ಅಡ್ವಾನ್ಸಲ್ಲಿ ಎಲ್ಲಾ ಮುಗಿಸೋಣ, ಎಲ್ರೂ ಹಂಗೇ ಮಾಡೋದು." ಸರಿ, ಹಾಕಿದ್ವಿ. ಆಗಿನ ಬೆಂಗಳೂರು ಲೆಕ್ಕದ ಪ್ರಕಾರ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸು, ಎಲ್ಲಾ ಮನೇದೂ ಸೇರಿ 1 ಲಕ್ಷ 80 ಸಾವಿರ ಬಂತು, ಅದರಲ್ಲೇ ಗ್ರಿಲ್ ಆಯ್ತು, ಟೈಲ್ಸ್ ಆಯ್ತು, ಮೇಸ್ತ್ರಿಗೆ ಪಂಚೆ-ಶರ್ಟೂ ಆಯ್ತು. ಅದು ಸಾಲ ಅಂತ ನಮಗೆ ಅನ್ನಿಸ್ಲೇ ಇಲ್ಲ. ಬಡ್ಡಿ ಇಲ್ಲ, ಇಎಂಐ ಇಲ್ಲ, ಬ್ಯಾಂಕಿನವರ ಫೋನ್ ಇಲ್ಲ, ಇನ್ಯಾವ ಸೀಮೆ ಸಾಲ? ಒಬ್ರು ಖಾಲಿ ಮಾಡಿದ್ರೆ ಇನ್ನೊಬ್ರು ಬರ್ತಾರೆ, ಅವರದ್ದು ತಗೊಂಡು ಇವರಿಗೆ ಕೊಟ್ರಾಯ್ತು. ನಾಲ್ಕು ವರ್ಷ ಹಂಗೇ ನಡೀತು ಕೂಡ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು. ನಮ್ಮ ಏರಿಯಾ ಪೂರ್ತಿ ಪೀಣ್ಯದ ಫ್ಯಾಕ್ಟರಿ ಮತ್ತೆ ಗಾರ್ಮೆಂಟ್ಸ್ ನಂಬಿಕೊಂಡಿರೋದು. ಕೆಳಗಿನ ಮನೆಯಲ್ಲಿ ಒಬ್ಬ ಅಕ್ಕ ಇದ್ರು, ಪಾವಗಡ ಕಡೆಯವರು, ಗಾರ್ಮೆಂಟ್ಸ್‌ನಲ್ಲಿ ಟೈಲರ್, ಜೊತೆಗೆ ಮಗ. ಎರಡನೇ ಮಹಡಿಯಲ್ಲಿ ಹೊಸದಾಗಿ ಮದುವೆ ಆದ ಜೋಡಿ. ಜೂನ್‌ನಲ್ಲಿ ಇಬ್ರೂ ಒಂದೇ ವಾರದಲ್ಲಿ ಫೋನ್ ಮಾಡಿ ಖಾಲಿ ಮಾಡ್ತೀವಿ ಅಂದ್ರು. ಎರಡೂ ಮನೆಯ ಅಡ್ವಾನ್ಸ್ ಸೇರಿ 1 ಲಕ್ಷ 10 ಸಾವಿರ ವಾಪಸ್ ಕೊಡ್ಬೇಕು. ಹೊಸಬರು ಬರೋ ಮಾತೇ ಇಲ್ಲ, ಆ ಹೊತ್ತಿಗೆ ನಮ್ಮ ರೋಡಲ್ಲಿ ಗೇಟಿಗೊಂದು ಟು-ಲೆಟ್ ಬೋರ್ಡ್ ನೇತಾಡ್ತಿತ್ತು. ನಮ್ಮ ಯಜಮಾನರ ಸಂಬಳ ಅರ್ಧ ಕಟ್ಟಾಗಿತ್ತು.

ನಾನು ಹೋದಾಗ ಆ ಅಕ್ಕ ಮೆಟ್ಟಿಲ ಮೇಲೆ ಕೂತಿದ್ರು. ಹೊರಗೆ ಟಾಟಾ ಏಸ್ ನಿಂತಿತ್ತು, ಹೊಲಿಗೆ ಮಿಷನ್ನು, ಗ್ಯಾಸ್ ಸ್ಟವ್ವು, ಎರಡು ಚೀಲ, ಒಂದು ಸಿಂಗಲ್ ಕಾಟು, ಎಲ್ಲಾ ಹಗ್ಗ ಹಾಕಿ ಕಟ್ಟಾಗಿತ್ತು. ಒಳಗೆ ಮನೆ ಒರೆಸಿ, ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿದ್ರು. ನನ್ನ ಪರ್ಸಲ್ಲಿ ಇದ್ದಿದ್ದು 20 ಸಾವಿರ. ಕೊಡ್ಬೇಕಾಗಿದ್ದು 50. ಮುಂದಿನ ತಿಂಗಳು ಉಳಿದಿದ್ದು ಹಾಕ್ತೀನಿ, ಪರಿಸ್ಥಿತಿ ನಿಮಗೂ ಗೊತ್ತಲ್ಲ ಅಂತೆಲ್ಲ ಶುರು ಮಾಡಿದೆ. ಅವರು ಜಗಳ ಆಡ್ಲಿಲ್ಲ. ದುಡ್ಡು ಎಣಿಸಿ ಸೆರಗಿಗೆ ಕಟ್ಟಿಕೊಂಡು, "ಮೇಡಂ, ನಾಲ್ಕು ವರ್ಷದಲ್ಲಿ ನಾನು ಯಾವತ್ತಾದ್ರೂ ಬಾಡಿಗೆ ಮುಂದಿನ ತಿಂಗಳು ಕೊಡ್ತೀನಿ ಅಂದಿದ್ನಾ?" ಅಂತ ಕೇಳಿದ್ರು, ಅಷ್ಟೆ. ಹೋಗಿ ಗಾಡಿ ಹತ್ತಿದ್ರು. ಮಾರನೇ ದಿನ ಬಳೆ ಅಡ ಇಟ್ಟು ಅವರ ಮಗನ ಫೋನ್‌ಪೇಗೆ 30 ಸಾವಿರ ಹಾಕಿದೆ, ಮೇಲಿನ ಮನೆಯವರದ್ದೂ ಮುಗಿಸಿದೆ. ಬಳೆ ಬಿಡಿಸಿಕೊಳ್ಳೋಕೆ ಹದಿನಾಲ್ಕು ತಿಂಗಳು ಬೇಕಾಯ್ತು. ಆ ಮೆಟ್ಟಿಲು ಹತ್ತುವಾಗ ಈಗ್ಲೂ ಒಂಥರಾ ಆಗುತ್ತೆ.

ಅದಕ್ಕೇ ಚಿಕ್ಕಮ್ಮನ ಮಗನಿಗೆ ಮೊದಲು ಹೇಳಿದ್ದು, ಆ ಅಡ್ವಾನ್ಸ್ ಸಾಲು ಎತ್ತಿ ಸಾಲದ ಕಾಲಂಗೆ ಹಾಕಪ್ಪ ಅಂತ. ಈಗ ನಾವು ಅಡ್ವಾನ್ಸಿಗೆ ಅಂತಲೇ ಬೇರೆ ಅಕೌಂಟ್ ಇಟ್ಟಿದೀವಿ, ಸ್ವಲ್ಪ ಎಫ್‌ಡಿ, ಸ್ವಲ್ಪ ಎಸ್‌ಬಿ, ಅದರ ಎಟಿಎಂ ಕಾರ್ಡೇ ಮಾಡಿಸ್ಲಿಲ್ಲ. ಹತ್ತು ತಿಂಗಳದ್ದು ಬಿಟ್ಟು ಐದು ತಿಂಗಳಿಗೆ ಇಳಿಸಿದೀವಿ. ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಅಂತ ತಂದಿದ್ರಲ್ಲ, ಅದರಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತಗೋಬಾರದು ಅಂತಿದೆ, ಆದ್ರೆ ಅದು ಮಾದರಿ ಅಷ್ಟೆ, ರಾಜ್ಯಗಳು ಒಪ್ಪಿಕೊಂಡ್ರೆ ಮಾತ್ರ ಕಾನೂನು. ಬೆಂಗಳೂರು ತನ್ನ ಪಾಡಿಗೆ ತಾನು ನಡೀತಿದೆ. ಮುಂಬೈಯಿಂದ ಬಂದ ನಮ್ಮ ಆಫೀಸ್ ಹುಡುಗಿಗೆ ಹತ್ತು ತಿಂಗಳು ಅಂದಾಗ ಅವಳು ಮನೆ ಮಾರ್ತಿದ್ದಾರೇನೋ ಅಂದ್ಕೊಂಡಿದ್ಲು.

ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ, ಲೀಸ್. ನಮ್ಮಜ್ಜಿ ಕಾಲದಲ್ಲಿ ಭೋಗ್ಯ ಅಂತಿದ್ರು. ಒಂದು ಗಂಟು ದುಡ್ಡು ತಗೊಳ್ಳೋದು, ಬಾಡಿಗೆ ಇಲ್ಲ, ಮೂರು ವರ್ಷ ಆದ್ಮೇಲೆ ಅಷ್ಟೂ ದುಡ್ಡು ವಾಪಸ್ ಕೊಡೋದು. ಬಾಡಿಗೆಗೆ ಬರೋರಿಗೆ ಇದು ಆಸೆ, ಓನರ್‌ಗೆ ಇನ್ನೂ ಆಸೆ. 2022ರಲ್ಲಿ ನಮ್ಮ ಏರಿಯಾ ಬ್ರೋಕರ್ ಒಬ್ರು, "ಮೇಡಂ ಮಧ್ಯದ ಮನೆ ಲೀಸಿಗೆ ಹಾಕಿ, 8 ಲಕ್ಷ ಕೈಗೆ ಬರುತ್ತೆ" ಅಂತ ಬೆನ್ನು ಬಿದ್ದಿದ್ರು. ಕೂತು ಲೆಕ್ಕ ಹಾಕಿದೆ. 8 ಲಕ್ಷ ಎಫ್‌ಡಿಯಲ್ಲಿ ಇಟ್ರೆ ಶೇ 7ರ ಲೆಕ್ಕದಲ್ಲಿ ವರ್ಷಕ್ಕೆ 56 ಸಾವಿರ. ಅದೇ ಮನೆ 9 ಸಾವಿರಕ್ಕೆ ಬಾಡಿಗೆ ಕೊಟ್ರೆ ವರ್ಷಕ್ಕೆ 1 ಲಕ್ಷ 8 ಸಾವಿರ. ಅಂದ್ರೆ ದುಡ್ಡು ಮುಟ್ಟದೆ ಇಡೋ ಓನರ್‌ಗೆ ಲೀಸ್ ಅನ್ನೋದು ನಷ್ಟದ ವ್ಯಾಪಾರ. ಮತ್ತೆ ಯಾರು ಕೊಡ್ತಾರೆ? ಎರಡು ರೂಪಾಯಿ ಬಡ್ಡಿಗೆ ಕೈಸಾಲ ಮಾಡಿರೋರು. 8 ಲಕ್ಷಕ್ಕೆ ತಿಂಗಳಿಗೆ 16 ಸಾವಿರ ಬಡ್ಡಿ ಕಟ್ಟೋನಿಗೆ 9 ಸಾವಿರದ ಬಾಡಿಗೆ ಬಿಟ್ಟು ಲೀಸ್ ದುಡ್ಡಲ್ಲಿ ಸಾಲ ತೀರಿಸೋದು ನಿಜವಾಗ್ಲೂ ಲಾಭನೇ. ಆದ್ರೆ ಮೂರು ವರ್ಷ ಆದ್ಮೇಲೆ? ಇನ್ನೊಬ್ಬ ಲೀಸಿನವನು ಸಿಗ್ಬೇಕು, ಅವನದ್ದು ಇವನಿಗೆ. ಸಿಗದಿದ್ರೆ ಒಳಗಿರೋರು ಖಾಲಿ ಮಾಡಲ್ಲ, ಬಾಡಿಗೆನೂ ಬರಲ್ಲ, ನಮ್ಮ ಹಿಂದಿನ ಬೀದಿಯಲ್ಲಿ ಒಂದು ಮನೆ ಹಂಗೇ ಆಗಿ ಕೊನೆಗೆ ಮನೇನೇ ಮಾರಿದ್ರು.

ಇದರಲ್ಲೇ ಇನ್ನೊಂದು ಮೋಸ ಇದೆ, ಹೊಸಬರು ಗೊತ್ತಿಟ್ಕೊಳ್ಳಿ. ಯಾರೋ ಟೈ ಕಟ್ಕೊಂಡು ಬರ್ತಾರೆ, "ನಿಮ್ಮ ಮನೆ ನಮಗೆ ಬಾಡಿಗೆಗೆ ಕೊಡಿ, ಪ್ರತಿ ತಿಂಗಳು 1ನೇ ತಾರೀಖು ಅಕೌಂಟಿಗೆ ದುಡ್ಡು, ನೀವು ತಲೆನೇ ಕೆಡಿಸ್ಕೋಬೇಡಿ" ಅಂತ. ನಮ್ಮ ಹತ್ರ ಬಾಡಿಗೆಗೆ ತಗೊಂಡು ಒಳಗೆ ಬರೋರಿಗೆ ಅದನ್ನೇ 10 ಲಕ್ಷಕ್ಕೋ 15 ಲಕ್ಷಕ್ಕೋ ಲೀಸಿಗೆ ಕೊಡ್ತಾರೆ. ಐದಾರು ತಿಂಗಳು ನಮಗೆ ಬಾಡಿಗೆ ಕರೆಕ್ಟಾಗಿ ಬರುತ್ತೆ, ಆಮೇಲೆ ಫೋನ್ ಸ್ವಿಚ್ ಆಫ್. ನಾವು ಬಾಡಿಗೆ ಕೇಳೋಕೆ ಹೋದ್ರೆ ಒಳಗಿರೋರು ಲೀಸ್ ಪತ್ರ ತೋರಿಸ್ತಾರೆ, ಅವರೂ ಪಾಪ ಮೋಸ ಹೋದೋರೇ. ಬೆಂಗಳೂರಲ್ಲಿ ಇಂಥಾ ಕೇಸು ಒಂದೆರಡಲ್ಲ. ಒಳಗೆ ಯಾರಿರ್ತಾರೋ ಅವರ ಜೊತೆನೇ ಅಗ್ರಿಮೆಂಟ್, ಅವರ ಅಕೌಂಟಿಂದಾನೇ ಬಾಡಿಗೆ. ಇದರಲ್ಲಿ ದಾಕ್ಷಿಣ್ಯ ಬೇಡ.

ಇನ್ನು ಚಿಕ್ಕಮ್ಮನ ಮಗನ 60 ಲಕ್ಷದ ಫ್ಲ್ಯಾಟಿಗೆ ಬರೋಣ. ತಿಂಗಳಿಗೆ 20 ಸಾವಿರ ಅಂದ್ರೆ ವರ್ಷಕ್ಕೆ 2 ಲಕ್ಷ 40 ಸಾವಿರ, ಶೇ 4 ಅಂತ ಅವನು ಬರ್ಕೊಂಡಿದ್ದ. ವರ್ಷಕ್ಕೆ ಒಂದು ತಿಂಗಳು ಖಾಲಿ ಇರುತ್ತೆ ಅಂತ ಇಟ್ಕೋ ಅಂದೆ, ಒಪ್ಪಲ್ಲ. "ಅಕ್ಕಾ ಅಲ್ಲಿ ಡಿಮ್ಯಾಂಡ್ ಇದೆ." ಡಿಮ್ಯಾಂಡ್ ಇರ್ಲಿ, ಒಬ್ರು ಹೋಗಿ ಇನ್ನೊಬ್ರು ಬರೋಕೆ ಪೈಂಟಿಂಗು, ಕ್ಲೀನಿಂಗು, ಆಷಾಢ, ಪರೀಕ್ಷೆ ಟೈಮು ಎಲ್ಲಾ ಇರುತ್ತಲ್ಲ. ಆಷಾಢದಲ್ಲಿ ಎಷ್ಟು ಜನ ಹಾಲುಕ್ಕಿಸ್ತಾರೆ ಹೇಳಿ? ಅದು ಕಳೆದು, ಪ್ರಾಪರ್ಟಿ ಟ್ಯಾಕ್ಸ್ ಕಳೆದು, ಗೀಸರ್ ಹೋಯ್ತು, ನಲ್ಲಿ ಸೋರ್ತು, ಅಸೋಸಿಯೇಷನ್‌ನವರು ಲಿಫ್ಟಿಗೆ ದುಡ್ಡು ಕೇಳಿದ್ರು ಅನ್ನೋದೆಲ್ಲ ಕಳೆದ್ರೆ ಶೇ 3 ಉಳಿದ್ರೆ ಪುಣ್ಯ. ಅವನು 30 ಲಕ್ಷ ಸಾಲ ಮಾಡ್ಬೇಕು ಅಂತಿದ್ದಾನೆ, ಶೇ 8.5ರಲ್ಲಿ 20 ವರ್ಷಕ್ಕೆ ಇಎಂಐ ಹತ್ರ ಹತ್ರ 26 ಸಾವಿರ. ಬಾಡಿಗೆ ಇಎಂಐ ಕಟ್ಟುತ್ತೆ ಅನ್ನೋ ಮಾತು ಬಿಲ್ಡರ್ ಬ್ರೋಷರ್‌ನಲ್ಲಿ ಮಾತ್ರ, ಅರ್ಧ ದುಡ್ಡು ನಮ್ಮ ಕೈಯಿಂದ ಹಾಕಿದ್ಮೇಲೂ ಕಟ್ಟಲ್ಲ ಅಂದ್ರೆ ನೋಡಿ. ಇದರ ಮೇಲೆ ರಿಜಿಸ್ಟ್ರೇಷನ್. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದಿದ್ದು ಶೇ 2 ಆಯ್ತು, ಸ್ಟಾಂಪ್ ಡ್ಯೂಟಿ ಶೇ 5, ಸೆಸ್ಸು ಸರ್ಚಾರ್ಜು ಸೇರಿ ಶೇ 7.6. 60 ಲಕ್ಷಕ್ಕೆ ನಾಲ್ಕೂವರೆ ಲಕ್ಷದ ಮೇಲೆ. ಹತ್ರ ಹತ್ರ ಎರಡು ವರ್ಷದ ಬಾಡಿಗೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲೇ ಬಿಟ್ಟು ಬಂದಂಗೆ.

ಮತ್ತೆ ಯಾಕೆ ತಗೋಬೇಕು ಅಂತ ಕೇಳ್ದ. ನ್ಯಾಯವಾದ ಪ್ರಶ್ನೆ. ನಮಗೆ ದುಡ್ಡು ಬೆಳೆದಿದ್ದು ಬಾಡಿಗೆಯಿಂದ ಅಲ್ಲ, ಕೆಳಗಿರೋ 600 ಚದರಡಿ ಮಣ್ಣಿಂದ. ಕಟ್ಟಡ ವರ್ಷ ವರ್ಷ ಹಳೇದಾಗುತ್ತೆ, ಗೋಡೆ ತೇವ ಹಿಡಿಯುತ್ತೆ, ಬೆಲೆ ಏರೋದು ಜಾಗಕ್ಕೆ. ಫ್ಲ್ಯಾಟಲ್ಲಿ ಆ ಜಾಗ ಎಷ್ಟು ಬರುತ್ತೆ ಅಂತ ಸೇಲ್ ಡೀಡಲ್ಲಿ ಅವಿಭಜಿತ ಪಾಲು ಅಂತ ಬರೆದಿರ್ತಾರೆ, ಅದನ್ನ ನೋಡಿದ್ದೀಯಾ ಅಂದ್ರೆ ನೋಡಿಲ್ಲ. ಸ್ವಿಮ್ಮಿಂಗ್ ಪೂಲ್ ನೋಡಿ ಬಂದಿದ್ದಾನೆ.

ಕಾಗದ ಪತ್ರದ ವಿಷಯದಲ್ಲಿ ನಾವು ತಿಂದ ಏಟು ಬಿ ಖಾತೆ, ಅಂದ್ರೆ ಪೂರ್ತಿ ಸಕ್ರಮ ಆಗದ ಜಾಗಕ್ಕೆ ಪಾಲಿಕೆಯಲ್ಲಿ ಇಡೋ ಬೇರೆ ಖಾತೆ. ತಗೊಳ್ಳುವಾಗ "ಈ ಕಡೆ ಎಲ್ಲಾ ಬಿ ಖಾತೆನೇ, ಮುಂದಿನ ವರ್ಷ ಸಕ್ರಮ ಆಗುತ್ತೆ" ಅಂದ್ರು, ಆ ಮುಂದಿನ ವರ್ಷ ಯಾವತ್ತೂ ಮುಂದಿನ ವರ್ಷನೇ. ಸಕ್ರಮದ ಕೇಸು ಕೋರ್ಟಲ್ಲಿ ಕೂತಿತ್ತು, ನಾವು ಕಡಿಮೆ ಬಡ್ಡಿಯ ಬ್ಯಾಂಕ್ ಸಾಲ ಸಿಗದೆ ಕೈಸಾಲದಲ್ಲಿ ಮನೆ ಕಟ್ಟಿದ್ವಿ, ಬಡ್ಡಿಯಲ್ಲೇ ಒಂದು ಫ್ಲೋರ್ ಹೋಯ್ತು. ಈಗ ಆನ್‌ಲೈನ್ ಖಾತೆ, ಅಂದ್ರೆ ಇ-ಖಾತೆ ಇಲ್ಲದೆ ಬೆಂಗಳೂರಲ್ಲಿ ರಿಜಿಸ್ಟ್ರೇಷನ್ನೇ ಆಗಲ್ಲ, ಜಾಗ ಯಾರ್ಯಾರಿಗೆ ಮಾರಿದ್ದಾರೆ, ಅದರ ಮೇಲೆ ಸಾಲ ಇದೆಯಾ ಅಂತ ತೋರಿಸೋ ಇಸಿ ಅಂತೂ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಮನೇಲೇ ಕೂತು ತೆಗೀಬಹುದು, ಆಗಿಂದಕ್ಕಿಂತ ಎಷ್ಟೋ ವಾಸಿ. ಆದ್ರೂ ಮೂಲಪತ್ರದಿಂದ ಹಿಡಿದು ಎಲ್ಲಾ ಪತ್ರ, ಮೂವತ್ತು ವರ್ಷದ ಇಸಿ, ಹೊಲದ ಜಾಗನ ಮನೆಗೆ ಅಂತ ಬದಲಿಸಿದ ಕನ್ವರ್ಷನ್ ಆರ್ಡರ್ ನಿಮ್ಮದೇ ಲಾಯರ್‌ಗೆ ತೋರ್ಸಿ, ಮಾರೋರ ಲಾಯರ್‌ಗೆ ಅಲ್ಲ. ಹೊಸದಾಗಿ ಕಟ್ಟಿರೋದು ತಗೊಳ್ಳೋರು ಒಸಿ ಕೇಳಿ, ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಕೊಡೋ ಪತ್ರ ಅದು. ಒಸಿ ಇಲ್ಲದ ಕಟ್ಟಡಕ್ಕೆ ಕರೆಂಟು ನೀರು ಕೊಡಬಾರದು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ಮೇಲೆ ಎಷ್ಟು ಜನ ಮನೆ ಕಟ್ಟಿ ಕತ್ತಲಲ್ಲಿ ಕೂತಿದ್ರು ಅಂತ ಗೊತ್ತಲ್ಲ.

ಕರೆಂಟ್ ಅಂದ ತಕ್ಷಣ ನೆನಪಾಯ್ತು. ಮನೆ ಕಟ್ಟುವಾಗ ಮೇಸ್ತ್ರಿ "ಒಂದೇ ಮೀಟರ್ ಸಾಕಮ್ಮ, ಉಳಿದಿದ್ದಕ್ಕೆ ಸಬ್ ಮೀಟರ್ ಹಾಕೋಣ" ಅಂದಿದ್ರು. ಯಜಮಾನರು ಹಠ ಹಿಡಿದು ಮೂರು ಮನೆಗೂ ಬೇರೆ ಬೇರೆ ಮೀಟರ್ ಹಾಕಿಸಿದ್ರು, ನಾನು ಸುಮ್ನೆ ಖರ್ಚು ಅಂತ ಬೈದಿದ್ದೆ. 2023ರಲ್ಲಿ ಗೃಹಜ್ಯೋತಿ ಬಂತು ನೋಡಿ, 200 ಯೂನಿಟ್‌ವರೆಗೆ ಫ್ರೀ, ಆದ್ರೆ ಆರ್‌ಆರ್ ನಂಬರ್‌ಗೆ ಒಂದು, ಅಂದ್ರೆ ಮೀಟರ್‌ಗೆ ಒಂದು. ಮನೆ ನೋಡೋಕೆ ಬರೋರು ಈಗ ಅಡುಗೆಮನೆ ನೋಡೋಕೆ ಮುಂಚೆ "ಬೇರೆ ಮೀಟರ್ ಇದೆಯಾ ಆಂಟಿ" ಅಂತಾರೆ. ಟೆರೇಸ್ ಮೇಲಿನ ಶೀಟ್ ರೂಮಿಗೆ ಮಾತ್ರ ಸಬ್ ಮೀಟರ್, ಅದೊಂದೇ ಪದೇ ಪದೇ ಖಾಲಿ ಆಗೋದು. ಬಿಟ್ಟು ಹೋಗೋರ ಹೆಸರು ಆರ್‌ಆರ್ ನಂಬರಿಂದ ಡಿ-ಲಿಂಕ್ ಮಾಡಿಸೋದನ್ನ ಮರೀಬೇಡಿ, ಇಲ್ದಿದ್ರೆ ಹೊಸಬರಿಗೆ ತಲೆನೋವು.

ನೀರು ಇನ್ನೂ ದೊಡ್ಡದು. 2024ರ ಬೇಸಿಗೆ ಯಾರೂ ಮರೆತಿಲ್ಲ, ಬೋರ್‌ವೆಲ್ ಬತ್ತಿ ಟ್ಯಾಂಕರ್‌ನವರು ಬಾಯಿಗೆ ಬಂದ ರೇಟ್ ಹೇಳ್ತಿದ್ರು, ಆಮೇಲೆ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 6 ಸಾವಿರ ಲೀಟರ್‌ಗೆ 600, 12 ಸಾವಿರ ಲೀಟರ್‌ಗೆ 1,000 ಅಂತ ರೇಟ್ ಕಟ್ಟಿದ್ರು, ಅಷ್ಟಕ್ಕೆ ತಂದುಕೊಡೋ ಟ್ಯಾಂಕರ್ ಹುಡುಕೋದು ನಿಮ್ಮ ಅದೃಷ್ಟ. ನಮ್ಮ ಸಂಪು ಚಿಕ್ಕದು, 4 ಸಾವಿರ ಲೀಟರ್. ದೊಡ್ಡ ಟ್ಯಾಂಕರ್ ತರಿಸಿದ್ರೆ ಮಿಕ್ಕಿದ ನೀರು ಪಕ್ಕದ ಮನೆಗೆ. ಆ ಎರಡು ತಿಂಗಳು ಟ್ಯಾಂಕರ್ ದುಡ್ಡು ಅರ್ಧ ನಾವು ಅರ್ಧ ಬಾಡಿಗೆಯವರು ಅಂತ ಮಾಡ್ಕೊಂಡ್ವಿ, ಯಾರೂ ಮನೆ ಬಿಡ್ಲಿಲ್ಲ. ಮನೆ ತಗೊಳ್ಳೋಕೆ ಹೋಗೋರು ಏಪ್ರಿಲ್‌ನಲ್ಲಿ ಹೋಗಿ, ಮಧ್ಯಾಹ್ನ ಹೋಗಿ, ಪಕ್ಕದ ಮನೆಯವರನ್ನ ಕೇಳಿ.

ಯಾರಿಗೆ ಕೊಡ್ಬೇಕು ಅನ್ನೋದ್ರ ಬಗ್ಗೆ ಒಂದು ಮಾತು. ನಾವು ಬಸವೇಶ್ವರನಗರದಲ್ಲಿ ಮನೆ ಹುಡುಕುವಾಗ ಮೊದಲನೇ ಪ್ರಶ್ನೆ "ಎಷ್ಟು ಜನ" ಅಲ್ಲ, "ಯಾವ ಜನ". ಒಂದು ಕಡೆ ಅಂತೂ ನನ್ನ ಹೆಸರು ಕೇಳಿ, ಯಜಮಾನರ ಹೆಸರು ಕೇಳಿ, ಆಮೇಲೆ ಊರು ಕೇಳಿ, ಏನೂ ಗೊತ್ತಾಗದೆ ಕೊನೆಗೆ "ಭಾನುವಾರ ಏನು ಅಡುಗೆ ಮಾಡ್ತೀರಾ" ಅಂದ್ರು. ಎದ್ದು ಬಂದ್ವಿ. ನಮ್ಮ ಮನೆಗೆ ಬರೋರಿಗೆ ನಾನು ಕೇಳೋದು ಎಲ್ಲಿ ಕೆಲಸ, ಎಷ್ಟು ಜನ, ಹಿಂದಿನ ಓನರ್ ನಂಬರ್ ಕೊಡ್ತೀರಾ ಅಂತ ಮಾತ್ರ. ಆಧಾರ್ ಕಾಪಿ ತಗೋತೀನಿ, ಹಿಂದಿನ ಓನರ್‌ಗೆ ಫೋನ್ ಖಂಡಿತ ಮಾಡ್ತೀನಿ. ಹತ್ತು ವರ್ಷದಲ್ಲಿ ಬಾಡಿಗೆ ಕೊಡದೆ ಸತಾಯಿಸಿದ್ದು ಒಬ್ರೇ, ನಮ್ಮ ಯಜಮಾನರ ಕಡೆ ನೆಂಟರು. ನೆಂಟರಿಗೆ ಮನೆ ಕೊಡ್ಬೇಡಿ, ಇದನ್ನ ದಪ್ಪ ಅಕ್ಷರದಲ್ಲಿ ಬರ್ಕೊಳ್ಳಿ.

ಅಗ್ರಿಮೆಂಟ್ ಎಲ್ರೂ 11 ತಿಂಗಳಿಗೇ ಮಾಡೋದು, ಒಂದು ವರ್ಷ ದಾಟಿದ್ರೆ ರಿಜಿಸ್ಟರ್ ಮಾಡಿಸ್ಬೇಕಾಗುತ್ತೆ ಅಂತ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಲ್ಲಿ 3,500 ರೂಪಾಯಿ ದಾಟಿದ ಬಾಡಿಗೆಗೆ ಬರಲ್ಲ, ಈಗ ಆ ದುಡ್ಡಿಗೆ ಬೆಂಗಳೂರಲ್ಲಿ ಕಾರ್ ಪಾರ್ಕಿಂಗೂ ಸಿಗಲ್ಲ, ಹಾಗಾಗಿ ಅಗ್ರಿಮೆಂಟಲ್ಲಿ ಏನಿದೆಯೋ ಅದೇ ಇಬ್ರಿಗೂ ಗತಿ. ಬಿಡೋಕೆ ಎಷ್ಟು ದಿನ ಮುಂಚೆ ಹೇಳ್ಬೇಕು, ವರ್ಷಕ್ಕೆ ಎಷ್ಟು ಏರಿಸ್ತೀವಿ, ಪೈಂಟಿಂಗ್‌ಗೆ ಎಷ್ಟು ಕಟ್, ಅಡ್ವಾನ್ಸ್ ಯಾವ ದಿನ ವಾಪಸ್, ಎಲ್ಲಾ ಬರೀಬೇಕು. ಕೊನೇದನ್ನ ಯಾವ ಓನರೂ ಬರೆಯಲ್ಲ. ನಾವು ಹಿಂದೆ ಇದ್ದ ಮನೆ ಬಿಡುವಾಗ ಆ ಓನರ್ರು ರೂಮ್ ರೂಮಿಗೆ ಹೋಗಿ ಗೋಡೆ ಮೊಳೆ ಎಣಿಸಿದ್ರು, ಏಳು ಮೊಳೆ, ಅದರಲ್ಲಿ ನಾಲ್ಕು ನಾವು ಬರೋಕೆ ಮುಂಚೆನೇ ಇದ್ದಿದ್ದು, ಸಾಕ್ಷಿ ಇಲ್ಲ. ಪೈಂಟಿಂಗ್ ಒಂದು ತಿಂಗಳ ಬಾಡಿಗೆ, ಮೊಳೆಗೆ ಬೇರೆ ಎರಡು ಸಾವಿರ. ಅವತ್ತಿಂದ ನಾನು ನಮ್ಮ ಮನೆಗೆ ಹೊಸಬರು ಬರೋ ದಿನ ಅವರನ್ನೇ ಕರ್ಕೊಂಡು ಗೋಡೆ, ನಲ್ಲಿ, ಕಮೋಡ್ ಎಲ್ಲಾ ಫೋಟೋ ತೆಗೆದು ಅವರ ವಾಟ್ಸಾಪ್‌ಗೇ ಹಾಕ್ತೀನಿ.

ಟ್ಯಾಕ್ಸ್ ಬಗ್ಗೆ ಹೆಚ್ಚು ಹೇಳಲ್ಲ, ಆಡಿಟರ್ ಇದಾರೆ. ಬಂದ ಬಾಡಿಗೆಯಲ್ಲಿ ಪ್ರಾಪರ್ಟಿ ಟ್ಯಾಕ್ಸ್ ಕಳೆದು ಉಳಿದಿದ್ದಕ್ಕೆ ಶೇ 30 ರಿಪೇರಿ ಗಿಪೇರಿ ಅಂತ ಬಿಲ್ ಇಲ್ಲದೇನೇ ಬಿಡ್ತಾರೆ, ಸಾಲದ ಬಡ್ಡಿನೂ ಕಳೀಬಹುದು, ಆದ್ರೆ ಹೊಸ ತೆರಿಗೆ ಪದ್ಧತಿ, ಅಂದ್ರೆ ಹೊಸ ರೆಜಿಮ್‌ನಲ್ಲಿ ಅದರಿಂದ ಬಂದ ನಷ್ಟನ ಸಂಬಳದಲ್ಲಿ ಕಳೆಯೋಕೆ ಬಿಡಲ್ಲ. ಇವನ ಶೀಟ್‌ನಲ್ಲಿ 'ಟ್ಯಾಕ್ಸ್ ಉಳಿತಾಯ' ಅಂತ ಒಂದು ಹಸಿರು ಸಾಲಿತ್ತು, ಅವನಿರೋದು ಹೊಸ ರೆಜಿಮ್‌ನಲ್ಲಿ. ಅದೂ ಹೋಯ್ತು. ಇನ್ನೊಂದು, ಬಾಡಿಗೆ ವರ್ಷಕ್ಕೆ 1 ಲಕ್ಷ ದಾಟಿದ್ರೆ ಸಂಬಳದಲ್ಲಿ ಬರೋ ಮನೆ ಬಾಡಿಗೆ ಭತ್ಯೆಗೆ (ಎಚ್‌ಆರ್‌ಎ) ಟ್ಯಾಕ್ಸ್ ರಿಯಾಯ್ತಿ ಕ್ಲೇಮ್ ಮಾಡೋರು ಓನರ್ ಪ್ಯಾನ್ ಕೇಳ್ತಾರೆ, ಆಗ ಮುಖ ಸಿಂಡರಿಸಿದ್ರೆ ಒಳ್ಳೇ ಸಂಬಳದ ಬಾಡಿಗೆಯವರು ನಿಮ್ಮ ಮನೆಗೆ ಬರಲ್ಲ.

ಮೊನ್ನೆ 30ಕ್ಕೆ ಎರಡನೇ ಮಹಡಿ ಹುಡುಗ ಖಾಲಿ ಮಾಡ್ದ. ಫೋಟೋ ಹಿಡ್ಕೊಂಡು ಹೋದೆ, ಅಡುಗೆಮನೆ ಸಿಂಕಿನ ನಲ್ಲಿ ಒಂದು ಬಿಟ್ರೆ ಎಲ್ಲಾ ಸರಿ ಇತ್ತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಅವನ ಅಡ್ವಾನ್ಸ್ 45 ಸಾವಿರದಲ್ಲಿ ಅಗ್ರಿಮೆಂಟಲ್ಲಿ ಬರೆದ ಪೈಂಟಿಂಗ್ 4 ಸಾವಿರ ಹಿಡ್ಕೊಂಡು 41 ಸಾವಿರ ಹಾಕಿದೆ. ಗಾಡಿ ಬರೋಕೆ ಮುಂಚೆನೇ ದುಡ್ಡು ಬಂದಿದ್ದು ನೋಡಿ ಅವನಿಗೇ ಆಶ್ಚರ್ಯ, "ಆಂಟಿ, ಇನ್ನೂ ಗ್ಯಾಸ್ ಸಿಲಿಂಡರ್ ಒಳಗೇ ಇದೆ" ಅಂದ.

ಸಂಜೆ ಚಿಕ್ಕಮ್ಮನ ಮಗ ಹೊಸ ಶೀಟ್ ಕಳಿಸಿದ್ದ, ಅಡ್ವಾನ್ಸ್ ಸಾಲದ ಕಾಲಂಗೆ ಹೋಗಿದೆ, ಕೊನೇ ಸಾಲು ಪೂರ್ತಿ ಕೆಂಪು. ಫ್ಲ್ಯಾಟ್ ಬೇಡ, ನಿಮ್ಮ ಕಡೆನೇ ಯಾವುದಾದ್ರೂ 20-30 ಹಳೇ ಮನೆ ಇದೆಯಾ ಅಕ್ಕಾ ಅಂತ ಕೇಳಿದಾನೆ. ಬರೋ ಭಾನುವಾರ ಸಂಪ್ ತೊಳೆಸ್ತಿದೀವಿ, ಹಳೇ ಪ್ಯಾಂಟ್ ಹಾಕ್ಕೊಂಡು ಬಾ, ಇಳಿದು ನೋಡ್ಕೊಂಡು ಹೋಗು ಅಂದಿದೀನಿ.